ಕೊಯ್ದ ಮೆಕ್ಕೆಜೋಳಕ್ಕೂ ಉಸಿರಿದೆಯೇ? ಕಾವು ಕೂತ ರಾಶಿಯ ಮುಂದೆ ಎದ್ದ ಪ್ರಶ್ನೆ

ಜಗಳೂರು ಸೀಮೆಯ ರೈತ:

ಎಲ್ಲರಿಗೂ ನಮಸ್ಕಾರ. ಈ ಸಲ ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿದ್ದರಿಂದ ಮೆಕ್ಕೆಜೋಳವನ್ನು ಒಣಗಿಸಲು ಆಗಲಿಲ್ಲ. ತೆನೆಯನ್ನು ಯಂತ್ರಕ್ಕೆ ಹಾಕಿ ಕಾಳು ಬಿಡಿಸಿ, ಕಣದಲ್ಲಿ ರಾಶಿ ಮಾಡಿ, ತಾಡಪಾಲು ಹೊದಿಸಿ, ಗಾಳಿಗೆ ಹಾರದಂತೆ ಸುತ್ತಲೂ ಕಲ್ಲು ಹೇರಿ ಮೂರು ರಾತ್ರಿ ಹಾಗೆಯೇ ಬಿಟ್ಟಿದ್ದೆವು. ನಾಲ್ಕನೆಯ ದಿನ ಬಿಸಿಲು ಬಿತ್ತೆಂದು ತಾಡಪಾಲು ಸರಿಸಿದರೆ ರಾಶಿಯ ನೆತ್ತಿಯಿಂದ ಹಬೆ ಏಳುತ್ತಿತ್ತು. ಮೊಳಕೈ ಮುಳುಗುವವರೆಗೆ ಕೈ ತೂರಿಸಿ ನೋಡಿದೆ. ಹಂಡೆಯಲ್ಲಿ ಕಾಯಿಸಿದ ಸ್ನಾನದ ನೀರಿನಷ್ಟು ಬಿಸಿ ಇತ್ತು. ಒಂದು ಹಿಡಿ ಕಾಳು ಹೊರತೆಗೆದಾಗ ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು, ಕೆಲವಕ್ಕೆ ತುದಿಯಲ್ಲಿ ಬಿಳಿ ಮೊಳಕೆ ಮೂಡಿತ್ತು, ಮುಗ್ಗು ವಾಸನೆಯೂ ಹೊಡೆಯುತ್ತಿತ್ತು. ಮಂಡಿಗೆ ಒಯ್ದ ಮೊದಲ ಇಪ್ಪತ್ತು ಚೀಲಕ್ಕೆ ದರವನ್ನು ಬಹಳವೇ ಮುರಿದರು.

ನಮ್ಮ ತಂದೆಯವರು "ರಾಶಿಗೆ ಕಾವು ಕೂತಿದೆ, ಹಸಿ ಕಾಳನ್ನು ಹೀಗೆ ಮುಚ್ಚಿಡಬಾರದಿತ್ತು" ಎಂದರು. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು "ಅಪ್ಪಾಜಿ, ಕಾಳು ಉಸಿರಾಡುತ್ತದೆ, ಅದಕ್ಕೇ ಬಿಸಿಯಾಗಿದೆ" ಎಂದಳು. ಬಿಸಿಲೇ ಇಲ್ಲದ ಮೂರು ದಿನ, ತಾಡಪಾಲಿನ ಕತ್ತಲೆಯಲ್ಲಿ, ಗಿಡದಿಂದ ಬೇರ್ಪಟ್ಟು ಬಿದ್ದಿದ್ದ ಕಾಳಿಗೆ ಅಷ್ಟು ಶಾಖ ಎಲ್ಲಿಂದ ಬಂತು? ಮೂಗಿಲ್ಲದ, ಎಲೆಯೂ ಇಲ್ಲದ ಕಾಳು ಉಸಿರಾಡುವುದೆಂದರೆ ಏನು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ದಾವಣಗೆರೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ:

ಅಣ್ಣನವರೆ, ನಿಮ್ಮ ತಂದೆಯವರು ಹೇಳಿದ್ದೂ ಸರಿ, ಮಗಳು ಹೇಳಿದ್ದೂ ಸರಿ. ತಂದೆಯವರು ಕಂಡದ್ದನ್ನು ಹೇಳಿದ್ದಾರೆ, ಮಗಳು ಅದರ ಕಾರಣವನ್ನು ಹೇಳಿದ್ದಾಳೆ.

ಮೊದಲು "ಉಸಿರಾಟ" ಎಂಬ ಪದವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಎದೆ ಏರಿ ಇಳಿದು ಗಾಳಿ ಒಳಹೋಗಿ ಹೊರಬರುವುದನ್ನು ನಾವು ಉಸಿರಾಟ ಎನ್ನುತ್ತೇವೆ. ಆದರೆ ಅದು ಗಾಳಿಯನ್ನು ಸಾಗಿಸುವ ಕೆಲಸ ಮಾತ್ರ. ನಿಜವಾದ ಉಸಿರಾಟ ನಡೆಯುವುದು ಒಂದೊಂದು ಜೀವಕೋಶದ ಒಳಗೆ, ಬಹುಪಾಲು ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಅಂಗಗಳಲ್ಲಿ. ಅಲ್ಲಿ ಸಕ್ಕರೆಯನ್ನು ಹಂತಹಂತವಾಗಿ ಒಡೆದು, ಅದರಿಂದ ತೆಗೆದ ಹೈಡ್ರೋಜನ್ನನ್ನು ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸಿ ನೀರಾಗಿಸಲಾಗುತ್ತದೆ. ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಈ ಹಾದಿಯಲ್ಲಿ ಬಿಡುಗಡೆಯಾಗುವ ಶಕ್ತಿಯಲ್ಲಿ ಒಂದು ಪಾಲನ್ನು ಜೀವಕೋಶವು ಎಟಿಪಿ ಎಂಬ ಅಣುವಿನಲ್ಲಿ ಹಿಡಿದಿಟ್ಟುಕೊಂಡು ಬೇಕಾದಲ್ಲಿ ಖರ್ಚು ಮಾಡುತ್ತದೆ, ಉಳಿದದ್ದು ಶಾಖವಾಗುತ್ತದೆ. ಎಟಿಪಿಯನ್ನು ಖರ್ಚು ಮಾಡಿದ ಮೇಲೆ ಆ ಪಾಲೂ ಹೆಚ್ಚುಕಡಿಮೆ ಶಾಖವಾಗಿಯೇ ಮುಗಿಯುತ್ತದೆ. ಇದಕ್ಕೆ ಮೂಗೂ ಬೇಡ, ಶ್ವಾಸಕೋಶವೂ ಬೇಡ. ಜೀವ ಇದ್ದರೆ ಸಾಕು.

ನಿಮ್ಮ ರಾಶಿಯ ಪ್ರತಿಯೊಂದು ಕಾಳಿನ ತುದಿಯಲ್ಲೂ ಒಂದು ಜೀವಂತ ಭ್ರೂಣವಿದೆ. ಅದು ಸತ್ತಿದ್ದರೆ ಮುಂದಿನ ವರ್ಷ ಯಾವ ಬೀಜವೂ ಹುಟ್ಟುತ್ತಿರಲಿಲ್ಲ. ಒಣಗಿದ ಕಾಳಿನಲ್ಲಿ ಕಿಣ್ವಗಳಿಗೆ (ಜೀವಕೋಶದ ರಾಸಾಯನಿಕ ಕೆಲಸಗಳನ್ನು ಚುರುಕಾಗಿಸುವ ಪ್ರೋಟೀನುಗಳಿಗೆ) ಕೆಲಸ ಮಾಡಲು ನೀರು ಸಾಲದೆ ಉಸಿರಾಟ ತೀರಾ ನಿಧಾನವಾಗಿರುತ್ತದೆ. ತೇವಾಂಶ ಶೇಕಡಾ 14ಕ್ಕಿಂತ ಕೆಳಗಿರಬೇಕೆಂದು ಖರೀದಿಯವರು ಹೇಳುವುದರ ಹಿಂದೆ ತೂಕದ ಲೆಕ್ಕ ಮಾತ್ರವಲ್ಲ, ಈ ಕಾರಣವೂ ಇದೆ. ತೇವ ಏರಿದಂತೆ ಕಾಳು ಎಚ್ಚರಗೊಳ್ಳುತ್ತದೆ, ಅದರ ಮೈಮೇಲಿನ ಬೂಷ್ಟೂ ಎಚ್ಚರಗೊಳ್ಳುತ್ತದೆ. ನಿಜ ಹೇಳಬೇಕೆಂದರೆ ನೀವು ಮುಟ್ಟಿ ನೋಡಿದ ಶಾಖದಲ್ಲಿ ಕಾಳಿನ ಪಾಲಿಗಿಂತ ಬೂಷ್ಟಿನ ಪಾಲೇ ದೊಡ್ಡದಿದ್ದೀತು; ಅದೂ ಉಸಿರಾಡುವ ಜೀವಿಯೇ, ಊಟ ಮಾತ್ರ ನಿಮ್ಮ ಕಾಳಿನ ಪಿಷ್ಟ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಗ್ರಾಂ ಪಿಷ್ಟ ಪೂರ್ತಿ ಉಸಿರಾಟಕ್ಕೆ ಸಂದರೆ ಸುಮಾರು 4 ಕಿಲೋಕ್ಯಾಲರಿ ಶಕ್ತಿ ಬಿಡುಗಡೆಯಾಗುತ್ತದೆ. ಒಂದು ಕ್ವಿಂಟಲ್ ಹಸಿ ಕಾಳನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಅಂದಾಜು 1000 ಕಿಲೋಕ್ಯಾಲರಿ ಬೇಕು. ಅಂದರೆ ಶಾಖ ಹೊರಗೆ ಸೋರದಿದ್ದರೆ, ಕ್ವಿಂಟಲಿಗೆ ಕೇವಲ ಕಾಲು ಕಿಲೋ ಪಿಷ್ಟ ಕರಗಿದರೂ ಸಾಕು, ರಾಶಿ ಸ್ನಾನದ ನೀರಿನಷ್ಟು ಬಿಸಿಯಾಗುತ್ತದೆ. ಆ ಕಾಲು ಕಿಲೋದಿಂದ ಸುಮಾರು 400 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಜೊತೆಗೆ ಹತ್ತಿರ ಹತ್ತಿರ 140 ಗ್ರಾಂ ನೀರೂ ಹುಟ್ಟುತ್ತದೆ. ಆ ನೀರು ತಾಡಪಾಲಿನ ಕೆಳಗೇ ಉಳಿದು ಕಾಳನ್ನು ಮತ್ತಷ್ಟು ಒದ್ದೆ ಮಾಡುತ್ತದೆ, ಶಾಖವು ಉಸಿರಾಟವನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಸಾಮಾನ್ಯವಾಗಿ ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಸುಮಾರು ಎರಡರಷ್ಟಾಗುತ್ತದೆ. ಹೀಗೆ ರಾಶಿ ತನ್ನ ಕಾವಿನಿಂದ ತಾನೇ ಇನ್ನಷ್ಟು ಕಾಯುತ್ತಾ ಹೋಗುತ್ತದೆ.

ಒಂದು ವಿನಂತಿ. ಮುಗ್ಗು ಹಿಡಿದ ಕಾಳನ್ನು ದನಕ್ಕೋ ಕೋಳಿಗೋ ಹಾಕಿ ಮುಗಿಸೋಣ ಎಂದುಕೊಳ್ಳಬೇಡಿ. ಇಂಥ ಕಾವಿನಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ, ಅದು ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ, ಹಸುವಿನ ಹಾಲಿಗೂ ಇಳಿಯುತ್ತದೆ.

ಹಿರಿಯೂರು ತಾಲ್ಲೂಕಿನ ಈರುಳ್ಳಿ ಬೆಳೆಗಾರ:

ಮೇಡಂ, ಬಹಳ ಉಪಯುಕ್ತ ವಿವರ. ನಾವು ಈರುಳ್ಳಿಯನ್ನು ಕೂಡಿಡುವಾಗ ನೆಲದಿಂದ ಎತ್ತರಿಸಿ, ಕೆಳಗೂ ಪಕ್ಕಕ್ಕೂ ಗಾಳಿ ಆಡುವಂತೆ ಬಿದಿರಿನ ತಡಿಕೆ ಕಟ್ಟುವುದು ತೇವ ಒಣಗಲಿ ಎಂದಷ್ಟೇ ಅಂದುಕೊಂಡಿದ್ದೆ. ಗಡ್ಡೆಯ ಉಸಿರಿನ ಶಾಖವೂ ಹೊರಹೋಗಬೇಕು ಎಂಬುದು ಈಗ ಹೊಳೆಯಿತು. ಮೂರು ತಿಂಗಳಿಟ್ಟ ಈರುಳ್ಳಿ ಕೊಳೆಯದೆ ಇದ್ದರೂ ತೂಕದಲ್ಲಿ ಇಳಿದಿರುತ್ತದೆ. ಅದರಲ್ಲಿ ನೀರು ಆರಿದ್ದು ಎಷ್ಟು, ಗಡ್ಡೆಯೇ ತನ್ನ ಸಕ್ಕರೆಯನ್ನು ತಿಂದುಕೊಂಡದ್ದು ಎಷ್ಟು?

ದಾವಣಗೆರೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ:

ಹೆಚ್ಚಿನದು ನೀರು, ಸ್ವಲ್ಪ ಭಾಗ ಸಕ್ಕರೆ. ಆದರೆ ಮೊಳಕೆ ಒಡೆದ ಮೇಲೆ ಸಕ್ಕರೆಯ ಖರ್ಚು ಜೋರಾಗುತ್ತದೆ. ಹಸಿರು ಕುಡಿ ಬಂದ ಈರುಳ್ಳಿ ಒಳಗೆ ಟೊಳ್ಳಾಗುವುದು ಅದಕ್ಕೇ.

ಹೊಳಲ್ಕೆರೆ ಕಡೆಯ ನಿವೃತ್ತ ಗ್ರಾಮ ಲೆಕ್ಕಿಗ:

ಈ ಚರ್ಚೆಯನ್ನು ಓದುತ್ತಿದ್ದಂತೆ ನನಗೆ ನಮ್ಮ ಅಜ್ಜನ ಕಾಲದ ಹಗೇವು ನೆನಪಾಯಿತು. ಈಗಿನ ಮಕ್ಕಳಿಗೆ ಗೊತ್ತಿರಲಾರದೆಂದು ಹೇಳುತ್ತೇನೆ: ಮನೆಯ ಮುಂದೆಯೋ ಊರ ಮುಂದಿನ ಗಟ್ಟಿ ನೆಲದಲ್ಲಿಯೋ ಬಾಯಿ ಕಿರಿದಾಗಿ, ಒಡಲು ದೊಡ್ಡದಾಗಿ ಗುಂಡಿ ತೋಡಿ, ಒಳಗೆ ಸುತ್ತಲೂ ಜೋಳದ ದಂಟೋ ಹುಲ್ಲೋ ಹೊಂದಿಸಿ, ಚೆನ್ನಾಗಿ ಒಣಗಿದ ಬಿಳಿಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಂದೆರಡು ವರ್ಷ ಕಳೆದು ತೆಗೆದರೂ ಜೋಳಕ್ಕೆ ಹುಳ ಬಿದ್ದಿರುತ್ತಿರಲಿಲ್ಲ. ಆದರೆ ಹಗೇವು ತೆಗೆದ ದಿನ ಯಾರೂ ಅದರೊಳಗೆ ಇಳಿಯುವಂತಿರಲಿಲ್ಲ. ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದಿದರೆ ಮತ್ತೆ ಕಾಯುತ್ತಿದ್ದರು. ನಾನು ಏಳೆಂಟು ವರ್ಷದವನಿದ್ದಾಗ ಅಜ್ಜನ ಕಾಲ ಬಳಿ ಬೋರಲು ಮಲಗಿ ನೋಡಿದ್ದೇನೆ: ಎರಡು ಮೊಳ ಕೆಳಗೆ ಹೋಗುವವರೆಗೆ ನೆಟ್ಟಗಿದ್ದ ದೀಪದ ಕುಡಿ ಅಲ್ಲಿಂದ ಮುಂದೆ ಸಣ್ಣಗಾಗಿ, ಹೊಗೆಯ ಎಳೆಯೊಂದನ್ನು ಬಿಟ್ಟು ಆರಿಹೋಯಿತು. "ಹಗೇವಿನ ಉಸಿರು ಇನ್ನೂ ಹೋಗಿಲ್ಲ" ಎಂದರು ಅಜ್ಜ. ಆ ಮಾತು ಅಲಂಕಾರವಲ್ಲ, ಅಕ್ಷರಶಃ ನಿಜವೆಂದು ಎಪ್ಪತ್ತರ ವಯಸ್ಸಿನಲ್ಲಿ ಇಂದು ಅರ್ಥವಾಗುತ್ತಿದೆ.

ದಾವಣಗೆರೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ:

ಹಿರಿಯರೆ, ನಿಮ್ಮ ಈ ಬರಹವನ್ನು ನಮ್ಮ ಮಕ್ಕಳಿಗೆ ತರಗತಿಯಲ್ಲಿ ಓದಿ ಹೇಳುತ್ತೇನೆ. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳ, ಬೂಷ್ಟು ಎಲ್ಲವೂ ಒಂದೇ ಗಾಳಿಯನ್ನು ಉಸಿರಾಡುತ್ತವೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟಿದ್ದರೆ ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರಷ್ಟು ಮಾತ್ರ, ಹಗೇವಿನಲ್ಲಿ ದಿನ ಕಳೆದಂತೆ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. ಮೊದಲು ಸೋಲುವುದು ಹುಳ, ಏಕೆಂದರೆ ಅದರ ಉಸಿರಾಟ ಚುರುಕು. ಒಣಕಾಳಿನ ಉಸಿರಾಟ ಅತ್ಯಂತ ಮಂದವಾದ್ದರಿಂದ ಅದು ಉಳಿದುಕೊಳ್ಳುತ್ತದೆ. ಯಾವ ಔಷಧಿಯನ್ನೂ ಬೆರೆಸದೆ, ಜೀವಿಗಳ ಉಸಿರಿನಿಂದಲೇ ಹುಳವನ್ನು ಕೊಲ್ಲುವ ಈ ಉಪಾಯವನ್ನು ಕಂಡುಕೊಂಡ ನಮ್ಮ ಬಯಲುಸೀಮೆಯ ಹಿರಿಯರ ಬಗ್ಗೆ ನನಗೆ ತುಂಬು ಗೌರವವಿದೆ.

ಅಣ್ಣನವರ ಒದ್ದೆ ರಾಶಿಗೂ ಹಗೇವಿಗೂ ಇರುವ ವ್ಯತ್ಯಾಸ ಎರಡೇ: ಹಗೇವಿನ ಜೋಳ ಒಣಗಿತ್ತು, ಹಗೇವಿಗೆ ಗಾಳಿ ಸೋರುತ್ತಿರಲಿಲ್ಲ. ತಾಡಪಾಲು ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ, ತೇವವನ್ನು ಮಾತ್ರ ತಡೆಯುತ್ತದೆ. ಬೂಷ್ಟಿಗೆ ಅದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಗುಂಡಿಯ ತಳದಲ್ಲಿಯೇ ನಿಲ್ಲುತ್ತದೆ. ಅದು ಶೇಕಡಾ 10 ದಾಟಿದರೆ ಮನುಷ್ಯನಿಗೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಒಳಗೆ ಇಳಿಯುವುದು ಸುರಕ್ಷಿತ ಎನ್ನಲು ಬರುವುದಿಲ್ಲ. ಹಳೆಯ ಬಾವಿ, ಗೋಬರ್ ಗ್ಯಾಸ್ ಗುಂಡಿ, ಹಗೇವು ಯಾವುದೇ ಇರಲಿ, ಪಂಪಿನಿಂದ ಹೊಸ ಗಾಳಿ ತುಂಬದೆ, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಜನ ನಿಲ್ಲದೆ ದಯಮಾಡಿ ಯಾರೂ ಇಳಿಯಬೇಡಿ. ಒಬ್ಬರು ಬಿದ್ದರೆಂದು ಎತ್ತಲು ಇಳಿದ ಇನ್ನೊಬ್ಬರೂ ಬೀಳುವುದು ಇಂಥ ಕಡೆಯಲ್ಲಿಯೇ.

ಚಿತ್ರದುರ್ಗದ ಪದವಿ ವಿದ್ಯಾರ್ಥಿ:

ಮೇಡಂ, ನನ್ನದೊಂದು ಸಂದೇಹ. ಗಿಡಗಳು ಇಂಗಾಲದ ಡೈಆಕ್ಸೈಡನ್ನು ತೆಗೆದುಕೊಂಡು ಆಮ್ಲಜನಕವನ್ನು ಬಿಡುತ್ತವೆ, ಪ್ರಾಣಿಗಳದು ಅದಕ್ಕೆ ತಿರುವುಮುರುವು ಎಂದೇ ಚಿಕ್ಕಂದಿನಿಂದ ಕೇಳಿದ್ದೇವೆ. ಅಂದರೆ ದ್ಯುತಿಸಂಶ್ಲೇಷಣೆಯೇ ಗಿಡದ ಉಸಿರಾಟವಲ್ಲವೇ? ನಮ್ಮ ಅಜ್ಜಿ ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು ಎನ್ನುತ್ತಾರೆ. ಅರಳಿ ಮರ ಮಾತ್ರ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಇದರಲ್ಲಿ ಯಾವುದನ್ನು ನಂಬಬೇಕು?

ದಾವಣಗೆರೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ:

ತಮ್ಮಾ, ಪರೀಕ್ಷೆಯಲ್ಲಿ ಅತಿ ಹೆಚ್ಚು ಮಕ್ಕಳು ಎಡವುವುದು ನೀನು ಕೇಳಿರುವ ಇದೇ ಜಾಗದಲ್ಲಿ. ದ್ಯುತಿಸಂಶ್ಲೇಷಣೆ ಗಿಡದ ಉಸಿರಾಟವಲ್ಲ, ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಬಿಸಿಲಿನ ಬಲದಲ್ಲಿ ಸಕ್ಕರೆ ಮಾಡಿಕೊಳ್ಳುವ ಗಿಡದ ಅಡುಗೆ. ಗಿಡದ ಉಸಿರಾಟ ನಮ್ಮ ಉಸಿರಾಟದಂಥದ್ದೇ: ಆಮ್ಲಜನಕ ಒಳಗೆ, ಇಂಗಾಲದ ಡೈಆಕ್ಸೈಡ್ ಹೊರಗೆ, ಹಗಲೂ ರಾತ್ರಿಯೂ, ಬೇರು ಕಾಂಡ ಹೂವು ಕಾಯಿ ಎಲ್ಲದರಲ್ಲಿಯೂ. ಹಗಲಿನಲ್ಲಿ ಎಲೆಯ ಅಡುಗೆ ಅದರ ಉಸಿರಾಟಕ್ಕಿಂತ ಹಲವು ಪಟ್ಟು ಜೋರಾಗಿ ನಡೆಯುವುದರಿಂದ ಹೊರಗಿನಿಂದ ನೋಡುವವರಿಗೆ ಆಮ್ಲಜನಕ ಬರುವುದು ಮಾತ್ರ ಕಾಣುತ್ತದೆ. ಮುಂಜಾನೆಯ ಮಬ್ಬಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಎರಡೂ ಸರಿಸಮವಾಗುವ ಒಂದು ಗಳಿಗೆ ಇರುತ್ತದೆ. ಆಗ ಎಲೆಯಿಂದ ಯಾವ ಅನಿಲವೂ ನಿವ್ವಳವಾಗಿ ಬರುವುದಿಲ್ಲ, ಹೋಗುವುದೂ ಇಲ್ಲ.

ಇದು ತಿಳಿದುಬಂದ ಕಥೆಯೂ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1771ರಲ್ಲಿ, ಉರಿಯುವ ಮೇಣದಬತ್ತಿಯಿಂದ ಕೆಟ್ಟ ಗಾಳಿಯಲ್ಲಿ ಪುದೀನ ಗಿಡವನ್ನಿಟ್ಟು, ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಮತ್ತೆ ಮೇಣದಬತ್ತಿ ಉರಿಯುವುದನ್ನು ಕಂಡರು. ಆದರೆ ಆ ಪ್ರಯೋಗ ಒಮ್ಮೆ ಫಲಿಸಿದರೆ ಇನ್ನೊಮ್ಮೆ ಫಲಿಸುತ್ತಿರಲಿಲ್ಲ. ಕಾರಣವನ್ನು 1779ರಲ್ಲಿ ಹಾಲೆಂಡಿನ ವೈದ್ಯ ಯಾನ್ ಇಂಗೆನ್‌ಹೌಸ್ ಬಿಡಿಸಿ ತೋರಿಸಿದರು: ಗಾಳಿಯನ್ನು ಶುದ್ಧ ಮಾಡುವುದು ಗಿಡದ ಹಸಿರು ಭಾಗ ಮಾತ್ರ, ಅದೂ ಬಿಸಿಲಿನಲ್ಲಿ ಮಾತ್ರ, ಕತ್ತಲೆಯಲ್ಲಿ ಅದೇ ಗಿಡ ಪ್ರಾಣಿಗಳಂತೆಯೇ ಗಾಳಿಯನ್ನು ಕೆಡಿಸುತ್ತದೆ. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕು ಇನ್ನೂರ ನಲವತ್ತು ವರ್ಷಗಳ ಮೇಲಾಯಿತು, ಆದರೂ ಅದು ನಮ್ಮ ಮನೆಮಾತಿಗೆ ಇಳಿದಿಲ್ಲ.

ಗಿಡ ಬಿಡುವ ಆಮ್ಲಜನಕ ಇಂಗಾಲದ ಡೈಆಕ್ಸೈಡಿನಿಂದ ಬಂದದ್ದಲ್ಲ, ನೀರಿನಿಂದ ಬಂದದ್ದು. ಸಾಮಾನ್ಯಕ್ಕಿಂತ ಭಾರವಾದ ಬಗೆಯ ಆಮ್ಲಜನಕವಿರುವ ನೀರನ್ನು ಪಾಚಿಗೆ ಕೊಟ್ಟು, ಹೊರಬಂದದ್ದೂ ಅದೇ ಭಾರದ ಆಮ್ಲಜನಕವೆಂದು ಕಂಡು ಅಮೆರಿಕದ ರೂಬೆನ್ ಮತ್ತು ಕಾಮೆನ್ ತಂಡದವರು 1941ರಲ್ಲಿ ಇದನ್ನು ತೋರಿಸಿದರು. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಬೆಳಕನ್ನು ಹೀರಿ, ಆ ಶಕ್ತಿಯಿಂದ ನೀರನ್ನು ಸೀಳಿದಾಗ ಆಮ್ಲಜನಕ ಹೊರಬೀಳುತ್ತದೆ. ಬೆಳಕಿಲ್ಲದೆ ನೀರನ್ನು ಸೀಳಲಾಗದು. ಹಾಗಾಗಿ ಅರಳಿಯೂ ಸೇರಿದಂತೆ ಯಾವ ಮರವೂ ನಡುರಾತ್ರಿಯಲ್ಲಿ ಆಮ್ಲಜನಕ ಬಿಡುವುದಿಲ್ಲ. ಅರಳಿಗೆ ನಾವು ಕೈಮುಗಿಯಲು ಬೇರೆ ಕಾರಣಗಳು ಬೇಕಾದಷ್ಟಿವೆ. ಹುಣಸೆಯ ವಿಷಯಕ್ಕೆ ಬಂದರೆ, ಬಯಲಿನಲ್ಲಿರುವ ಮರದ ಉಸಿರು ಗಾಳಿಯಲ್ಲಿ ಚದುರಿಹೋಗುತ್ತದೆ. ಅದರಿಂದ ಯಾರ ಜೀವಕ್ಕೂ ಅಪಾಯವಿಲ್ಲ. ಅಜ್ಜಿಯವರಿಗೆ ಹಾವು ಚೇಳುಗಳ ಎಚ್ಚರಿಕೆ ಇದ್ದಿರಬಹುದು, ಆ ಕಾರಣಕ್ಕೆ ಅವರ ಮಾತನ್ನು ಕೇಳು.

ಚಿತ್ರದುರ್ಗದ ಸಸ್ಯಶಾಸ್ತ್ರ ಉಪನ್ಯಾಸಕ:

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅರಳಿಯ ಕುರಿತ ಗೊಂದಲದ ಬೇರು ಇಲ್ಲಿರಬಹುದು. ರಾತ್ರಿ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುವ ಗಿಡಗಳು ನಿಜವಾಗಿಯೂ ಇವೆ. ನಮ್ಮ ಕೋಟೆಯ ಬಂಡೆಗಳ ಸಂದಿಯಲ್ಲಿಯೂ ಹೊಲದ ಬೇಲಿಯಲ್ಲಿಯೂ ಬೆಳೆಯುವ ಪಾಪಾಸುಕಳ್ಳಿ ಮತ್ತು ಕತ್ತಾಳೆ ಈ ಗುಂಪಿನವು. ಹಗಲಿನಲ್ಲಿ ಪತ್ರರಂಧ್ರ (ಗಾಳಿ ಒಳಹೊರಗೆ ಹೋಗುವ ಎಲೆಯ ಸಣ್ಣ ತೂತು) ತೆರೆದರೆ ಇಲ್ಲಿನ ಬಿಸಿಲಿಗೆ ಇದ್ದಬದ್ದ ನೀರೆಲ್ಲ ಆವಿಯಾಗಿಬಿಡುತ್ತದೆ. ಆದ್ದರಿಂದ ಅವು ತಂಪು ಹೊತ್ತಿನಲ್ಲಿ ರಂಧ್ರ ತೆರೆದು, ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಬೆಳಗಾದ ಮೇಲೆ ರಂಧ್ರ ಮುಚ್ಚಿ ಒಳಗಿನ ದಾಸ್ತಾನಿನಿಂದಲೇ ಸಕ್ಕರೆ ಮಾಡುತ್ತವೆ. ಆದರೆ ರಾತ್ರಿ ಇವು ಕೂಡ ಆಮ್ಲಜನಕ ಬಿಡುವುದಿಲ್ಲ.

ಎಲೆಯ ಅಂಚಿನಲ್ಲಿಯೇ ಮರಿಗಿಡ ಮೂಡುವ ಕಾಡುಬಸಳೆಯನ್ನು ನೀವೆಲ್ಲ ನೋಡಿರುತ್ತೀರಿ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ವೈದ್ಯರೂ ಸಸ್ಯಶಾಸ್ತ್ರಜ್ಞರೂ ಆಗಿ ದಕ್ಷಿಣ ಭಾರತದಲ್ಲಿದ್ದ ಬೆಂಜಮಿನ್ ಹೇಯ್ನ್ ಎಂಬವರು ಈ ಎಲೆ ಬೆಳಿಗ್ಗೆ ಹುಳಿಯಾಗಿಯೂ ಮಧ್ಯಾಹ್ನಕ್ಕೆ ಸಪ್ಪೆಯಾಗಿಯೂ ಇರುವುದನ್ನು ಗಮನಿಸಿ 1810ರ ದಶಕದಲ್ಲಿ ಬರೆದಿದ್ದರು. ರಾತ್ರಿ ಕೂಡಿಟ್ಟ ಆಮ್ಲ ಹಗಲಿನಲ್ಲಿ ಖರ್ಚಾಗುವುದನ್ನು ಅವರು ಯಾವ ಉಪಕರಣವೂ ಇಲ್ಲದೆ ಬರೀ ನಾಲಿಗೆಯಿಂದ ಕಂಡಿದ್ದರು.

ಮಲೇಬೆನ್ನೂರು ಕಡೆಯ ಭತ್ತದ ಬೆಳೆಗಾರ:

ಚರ್ಚೆ ಚೆನ್ನಾಗಿ ನಡೆದಿದೆ, ಆದರೆ ನನ್ನದೊಂದು ತಕರಾರಿದೆ. ಗಿಡ ಗಾಳಿಯಿಂದಲೂ ನೀರಿನಿಂದಲೂ ಅಡುಗೆ ಮಾಡಿಕೊಳ್ಳುತ್ತದೆ ಎನ್ನುತ್ತೀರಿ. ಹಾಗಿದ್ದರೆ ನಾವು ಎಕರೆಗೆ ಚೀಲಗಟ್ಟಲೆ ಗೊಬ್ಬರ ಸುರಿಯುವುದು ಏತಕ್ಕೆ? ಯೂರಿಯಾ ಹಾಕಿದ ವಾರದೊಳಗೆ ಗದ್ದೆ ಕಪ್ಪುಹಸಿರಾಗಿ ಏಳುವುದನ್ನು ಕಣ್ಣಾರೆ ಕಾಣುತ್ತೇವೆ. ಗೊಬ್ಬರವೇ ಗಿಡದ ಊಟ ಎಂದು ನನ್ನ ಅನುಭವ ಹೇಳುತ್ತದೆ. ಇನ್ನೊಂದು ವಿಷಯ. ನಾಲೆಯ ನೀರು ನಿಂತ ಗದ್ದೆಯಲ್ಲಿ ಭತ್ತ ತಿಂಗಳುಗಟ್ಟಲೆ ನಿಲ್ಲುತ್ತದೆ, ಪಕ್ಕದ ಹೊಲದ ಮೆಕ್ಕೆಜೋಳ ಮಾತ್ರ ನಾಲ್ಕು ದಿನ ನೀರು ನಿಂತರೆ ಹಳದಿಯಾಗಿ ಕುಳಿತುಬಿಡುತ್ತದೆ. ಬೇರಿಗೆ ನೀರು ಜಾಸ್ತಿಯಾದರೆ ಗಿಡ ಸಾಯುವುದೇಕೆ?

ಚಿತ್ರದುರ್ಗದ ಸಸ್ಯಶಾಸ್ತ್ರ ಉಪನ್ಯಾಸಕ:

ಯಜಮಾನರೆ, ತಕರಾರು ನ್ಯಾಯವಾದದ್ದೇ. ಮೊದಲು ಊಟದ ಮಾತು.

ಬೆಲ್ಜಿಯಂ ಸೀಮೆಯ ವಾನ್ ಹೆಲ್ಮಾಂಟ್ ಎಂಬವರು ತೂಕ ಮಾಡಿದ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿಯೊಂದನ್ನು ನೆಟ್ಟು ಐದು ವರ್ಷ ಬರೀ ನೀರು ಹಾಕಿ ಬೆಳೆಸಿದರು. ಮರ 169 ಪೌಂಡಿಗೆ ಬೆಳೆದಿತ್ತು, ಮಣ್ಣು ಕಳೆದುಕೊಂಡದ್ದು 2 ಔನ್ಸ್ ಮಾತ್ರ. ಈ ಫಲಿತಾಂಶ 1648ರಲ್ಲಿ, ಅವರು ತೀರಿಕೊಂಡ ಮೇಲೆ, ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವರು ತಿಳಿದದ್ದು ತಪ್ಪು, ಗಾಳಿಯ ಪಾಲು ಅವರಿಗೆ ಹೊಳೆಯಲಿಲ್ಲ. ಆದರೆ ಮಣ್ಣಿನಿಂದ ಆಗಿಲ್ಲ ಎಂಬುದಂತೂ ಸ್ಪಷ್ಟವಾಯಿತು. ನೀವು ಮನೆಯಲ್ಲಿಯೇ ನೋಡಬಹುದು: ಒಂದು ಹೊರೆ ಒಣ ಮೆಕ್ಕೆಜೋಳದ ದಂಟನ್ನು ಸುಟ್ಟರೆ ಕೊನೆಗೆ ಉಳಿಯುವುದು ಒಂದೆರಡು ಬೊಗಸೆ ಬೂದಿ. ನೆಲದಿಂದ ಬಂದ ಖನಿಜಗಳ ಬಹುಪಾಲು ಆ ಬೂದಿಯಲ್ಲಿದೆ. ಹೊಗೆಯೂ ಆವಿಯೂ ಆಗಿ ಹೋದದ್ದು ಗಾಳಿಯಿಂದ ಮತ್ತು ನೀರಿನಿಂದ ಬಂದದ್ದು. ಅದು ಬಂದ ದಾರಿಯಲ್ಲಿಯೇ ಹೋಯಿತು, ತನ್ನಲ್ಲಿ ಕೂಡಿಟ್ಟಿದ್ದ ಬಿಸಿಲನ್ನು ಬೆಂಕಿಯಾಗಿ ಬಿಟ್ಟುಕೊಟ್ಟು.

ಹಾಗೆಂದು ಗೊಬ್ಬರ ಬೇಡವೆಂದಲ್ಲ. ಪತ್ರಹರಿತ್ತಿನ ಪ್ರತಿಯೊಂದು ಅಣುವಿನ ನಡುವೆ ಒಂದು ಮೆಗ್ನೀಸಿಯಂ ಕೂತಿದೆ, ಸುತ್ತಲೂ ನಾಲ್ಕು ಸಾರಜನಕಗಳಿವೆ. ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೋ ಎಂಬ ಕಿಣ್ವಕ್ಕೂ ಸಾರಜನಕ ಯಥೇಚ್ಛವಾಗಿ ಬೇಕು, ಭತ್ತದ ಎಲೆಯ ಸಾರಜನಕದಲ್ಲಿ ದೊಡ್ಡದೊಂದು ಪಾಲು ಅದರಲ್ಲಿಯೇ ಇರುತ್ತದೆ. ಯೂರಿಯಾ ಹಾಕಿದಾಗ ಗದ್ದೆ ಕಪ್ಪುಹಸಿರಾಗುವುದು ಗಿಡಕ್ಕೆ ಊಟ ಸಿಕ್ಕಿದ್ದರಿಂದಲ್ಲ, ಅಡುಗೆಮನೆಗೆ ಒಲೆಯೂ ಪಾತ್ರೆಯೂ ಹೆಚ್ಚಿದ್ದರಿಂದ. ಶಕ್ತಿ ಬರುವುದು ಬಿಸಿಲಿನಿಂದಲೇ. ಮೋಡ ಕವಿದ ತಿಂಗಳಿನಲ್ಲಿ ಎಷ್ಟೇ ಯೂರಿಯಾ ಸುರಿದರೂ ಕಾಳು ಜೊಳ್ಳಾಗುವುದನ್ನು ನೀವೂ ಕಂಡಿದ್ದೀರಿ.

ಎರಡನೆಯ ಪ್ರಶ್ನೆ ಉಸಿರಾಟದ್ದು. ಬೇರಿಗೆ ಬೆಳಕಿಲ್ಲ, ಅದು ಅಡುಗೆ ಮಾಡಲಾರದು. ಎಲೆ ಕಳಿಸಿದ ಸಕ್ಕರೆಯನ್ನು ಮಣ್ಣಿನ ಸಂದಿಯ ಗಾಳಿಯಲ್ಲಿ ಉಸಿರಾಡಿ ಬದುಕಬೇಕು. ಮಣ್ಣಿನಲ್ಲಿ ನೀರು ನಿಂತರೆ ಆಮ್ಲಜನಕದ ದಾರಿ ಕಟ್ಟುತ್ತದೆ, ಏಕೆಂದರೆ ನೀರಿನಲ್ಲಿ ಅದು ಚಲಿಸುವ ವೇಗ ಗಾಳಿಯಲ್ಲಿ ಚಲಿಸುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಆಗ ಬೇರು ಆಮ್ಲಜನಕವಿಲ್ಲದ ದಾರಿ ಹಿಡಿಯುತ್ತದೆ. ಆಮ್ಲಜನಕವಿದ್ದರೆ ಒಂದು ಗ್ಲೂಕೋಸ್ ಅಣುವಿನಿಂದ 30ರಿಂದ 32 ಎಟಿಪಿ ಸಿಗುತ್ತವೆ (ಹಳೆಯ ಪಠ್ಯಗಳಲ್ಲಿ 36 ಅಥವಾ 38 ಎಂದಿರುತ್ತದೆ), ಇಲ್ಲದಿದ್ದರೆ ಎರಡೇ ಎರಡು. ಎರಡು ಎಟಿಪಿಯ ದುಡಿಮೆಯಲ್ಲಿ ಬೇರಿಗೆ ಮಣ್ಣಿನಿಂದ ಸಾರಜನಕವನ್ನು ಎಳೆದುಕೊಳ್ಳುವ ತ್ರಾಣ ಉಳಿಯುವುದಿಲ್ಲ. ಕಾಲಬುಡದಲ್ಲಿ ನೀರೂ ಗೊಬ್ಬರವೂ ಇದ್ದುಕೊಂಡೇ ಮೆಕ್ಕೆಜೋಳ ಹಳದಿಯಾಗುತ್ತದೆ. ಭತ್ತದ ದಂಟು ಮತ್ತು ಬೇರಿನೊಳಗೆ ಉದ್ದಕ್ಕೂ ಗಾಳಿಯ ಕೊಳವೆಗಳಿವೆ. ಒಂದು ದಪ್ಪ ಬೇರನ್ನು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ಭೂತಗನ್ನಡಿಯಲ್ಲಿ ನೋಡಿ. ಗಾಲಿಯ ಅರೆಕಾಲುಗಳಂತೆ ತೆಳ್ಳನೆಯ ಗೋಡೆಗಳು, ನಡುವೆಲ್ಲ ಖಾಲಿ ಜಾಗ ಕಾಣುತ್ತದೆ. ಎಲೆಯ ಗಾಳಿ ಅದರಲ್ಲಿ ಕೆಳಗಿಳಿಯುತ್ತದೆ.

ಇದರಲ್ಲಿ ಮೆಕ್ಕೆಜೋಳ ಸೋತರೂ ಬಿಸಿಲಿನ ಲೆಕ್ಕದಲ್ಲಿ ಅದೇ ಮುಂದು. ರುಬಿಸ್ಕೋ ಕಿಣ್ವಕ್ಕೆ ಒಂದು ದೌರ್ಬಲ್ಯವಿದೆ, ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಬದಲು ಅದು ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಸೆಕೆ ಹೆಚ್ಚಿದಷ್ಟೂ ಈ ತಪ್ಪು ಹೆಚ್ಚುತ್ತದೆ. ಭತ್ತ, ಗೋಧಿ, ಶೇಂಗಾದಂಥ ಬೆಳೆಗಳು ಗಳಿಸಿದ್ದರಲ್ಲಿ ಕಾಲು ಭಾಗದವರೆಗೂ ಹೀಗೆ ಕಳೆದುಕೊಳ್ಳಬಹುದು. ಮೆಕ್ಕೆಜೋಳ, ಬಿಳಿಜೋಳ, ಸಜ್ಜೆ, ನವಣೆ, ರಾಗಿ, ಕಬ್ಬುಗಳಲ್ಲಿ ಎಲೆಯ ನರದ ಸುತ್ತ ದಪ್ಪ ಕೋಶಗಳ ಬಳೆಯೊಂದಿರುತ್ತದೆ. ಹೊರಗಿನ ಕೋಶಗಳು ಇಂಗಾಲದ ಡೈಆಕ್ಸೈಡನ್ನು ನಾಲ್ಕು ಇಂಗಾಲದ ಆಮ್ಲವಾಗಿಸಿ ಬಳೆಯೊಳಗೆ ತುಂಬುತ್ತಾ ಇರುವುದರಿಂದ ಅಲ್ಲಿ ರುಬಿಸ್ಕೋ ತಪ್ಪು ಮಾಡಲು ಆಸ್ಪದವೇ ಕಡಿಮೆ. ಹ್ಯಾಚ್ ಮತ್ತು ಸ್ಲ್ಯಾಕ್ ಆಸ್ಟ್ರೇಲಿಯಾದಲ್ಲಿ 1966ರ ಹೊತ್ತಿಗೆ ಕಬ್ಬಿನ ಎಲೆಯಲ್ಲಿ ಇದನ್ನು ಬಿಡಿಸಿದರು. ಪತ್ರರಂಧ್ರವನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗಿಲ್ಲದ್ದರಿಂದ ಒಂದು ಕಿಲೋ ಒಣಪದಾರ್ಥ ಬೆಳೆಯಲು ಇವಕ್ಕೆ ಬೇಕಾಗುವ ನೀರು ಭತ್ತದಂಥ ಬೆಳೆಗಿಂತ ಸುಮಾರು ಅರ್ಧ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನ ಒಣನೆಲದಲ್ಲಿ ನಮ್ಮ ಹಿರಿಯರು ನವಣೆ, ಸಜ್ಜೆ, ಜೋಳಗಳನ್ನು ನೆಚ್ಚಿಕೊಂಡದ್ದಕ್ಕೆ ಎಲೆಯೊಳಗೇ ಒಂದು ಕಾರಣವಿತ್ತು.

ಮಲೇಬೆನ್ನೂರು ಕಡೆಯ ಭತ್ತದ ಬೆಳೆಗಾರ:

ಒಲೆ, ಪಾತ್ರೆಗಳ ಮಾತು ಒಪ್ಪಿದೆ ಗುರುಗಳೆ. ಬೇರನ್ನು ಕೊಯ್ದು ನೋಡಿದೆ, ನೀವು ಹೇಳಿದಂತೆಯೇ ಇದೆ. ಬೇಸಿಗೆ ಬೆಳೆಯಲ್ಲಿ ರಾತ್ರಿಯ ಸೆಕೆ ಹೆಚ್ಚಿದ ವರ್ಷ ಇಳುವರಿ ಇಳಿಯುವುದೂ ಉಸಿರಾಟದಿಂದಲೇ?

ಚಿತ್ರದುರ್ಗದ ಸಸ್ಯಶಾಸ್ತ್ರ ಉಪನ್ಯಾಸಕ:

ಅದು ಮುಖ್ಯ ಕಾರಣಗಳಲ್ಲಿ ಒಂದು. ಗಿಡ ಹಗಲು ಗಳಿಸಿದ್ದರಲ್ಲಿ ಹತ್ತಿರ ಹತ್ತಿರ ಅರ್ಧವನ್ನು ತಾನೇ ಉಸಿರಾಡಿ ಖರ್ಚು ಮಾಡುತ್ತದೆ, ಬೆಚ್ಚನೆಯ ರಾತ್ರಿಯಲ್ಲಿ ಆ ಖರ್ಚು ಏರುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳ ದಾಖಲೆಯಿಂದ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಸಿಗೆ ಬೆಳೆಯ ಕನಿಷ್ಠ ಉಷ್ಣತೆ ಒಂದು ಡಿಗ್ರಿ ಏರಿದರೆ ಇಳುವರಿ ಶೇಕಡಾ 10ರಷ್ಟು ಇಳಿದದ್ದು ಕಂಡಿತ್ತು.

ದಾವಣಗೆರೆಯಲ್ಲಿ ದೋಸೆ ಹೋಟೆಲ್ ನಡೆಸುವವರು:

ಆಮ್ಲಜನಕವಿಲ್ಲದ ದಾರಿ ಎಂದಿರಲ್ಲ, ನಮ್ಮ ಬೆಣ್ಣೆದೋಸೆ ಹಿಟ್ಟು ರಾತ್ರಿಯೆಲ್ಲ ಉಕ್ಕುವುದು ಇದೇ ದಾರಿಯಿಂದಲೇ? ಚಳಿಗಾಲದಲ್ಲಿ ಹಿಟ್ಟು ಏಳುವುದಿಲ್ಲವೆಂದು ಪಾತ್ರೆಯನ್ನು ಒಲೆಯ ಮಗ್ಗುಲಿಗೆ ಇಡುತ್ತೇವೆ.

ದಾವಣಗೆರೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ:

ಹೌದು. ಅಕ್ಕಿ ಉದ್ದಿನ ಮೇಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಅರ್ಧಕ್ಕೇ ಒಡೆದು ಹುಳಿಯನ್ನೂ ಅನಿಲವನ್ನೂ ಬಿಡುತ್ತವೆ. ಪೂರ್ತಿ ಒಡೆಯದ ಕಾರಣ ಶಕ್ತಿಯ ಬಹುಪಾಲು ಹಿಟ್ಟಿನಲ್ಲಿಯೇ ಉಳಿಯುತ್ತದೆ, ಅದು ದೋಸೆ ತಿಂದವರಿಗೆ ಸಿಗುತ್ತದೆ. ಒಲೆಯ ಮಗ್ಗುಲು ಹಿಟ್ಟಿಗೆ ಮಾಡುವುದನ್ನೇ ತಾಡಪಾಲು ಅಣ್ಣನವರ ರಾಶಿಗೆ ಮಾಡಿತ್ತು.

ಜಗಳೂರು ಸೀಮೆಯ ರೈತ:

ಎಲ್ಲರಿಗೂ ಕೃತಜ್ಞತೆಗಳು. ಉಳಿದ ಕಾಳನ್ನು ಮಾಳಿಗೆಯ ಮೇಲೆ ನಾಲ್ಕು ಬೆರಳು ದಪ್ಪಕ್ಕೂ ಕಡಿಮೆಯಾಗಿ ಹರವಿ, ಗಂಟೆಗೊಮ್ಮೆ ಕಾಲಿನಿಂದ ಸಾಲು ಎಳೆದು ಮಗುಚಿ, ಐದು ಬಿಸಿಲು ಒಣಗಿಸಿದೆವು. ಹಲ್ಲಿಗೆ ಇಟ್ಟರೆ ಕಟಕ್ಕೆನ್ನುವಂತಾದ ಮೇಲೆ ಚೀಲ ಹೊಲಿದೆವು. ಬೂಷ್ಟು ಹಿಡಿದದ್ದನ್ನು ಬೇರೆ ಮಾಡಿ ಹೂತೆವು, ದನಕ್ಕೆ ಹಾಕಲಿಲ್ಲ.

ಮಗಳು ಮನೆಯ ಎರಡು ಫ್ಲಾಸ್ಕುಗಳಲ್ಲಿ ಒಂದು ಪ್ರಯೋಗ ಹೂಡಿದಳು. ಒಂದಕ್ಕೆ ರಾತ್ರಿ ನೆನೆಸಿ ಮೊಳಕೆ ಒಡೆದ ಹೆಸರುಕಾಳು, ಇನ್ನೊಂದಕ್ಕೆ ಅಷ್ಟೇ ಹೆಸರುಕಾಳನ್ನು ಬೇಯಿಸಿ ಆರಿಸಿದ್ದು. ಎರಡಕ್ಕೂ ಬಾಯಿಗೆ ಹತ್ತಿ ತುರುಕಿ ಉಷ್ಣಮಾಪಕ ಇಳಿಬಿಟ್ಟಳು. ಎರಡನೆಯ ದಿನ ಬೆಳಿಗ್ಗೆ ಬೆಂದ ಕಾಳು 26 ಡಿಗ್ರಿಯಲ್ಲಿಯೇ ಇತ್ತು, ಮೊಳಕೆ ಕಾಳು 33ಕ್ಕೆ ಏರಿತ್ತು. ಸುಣ್ಣದ ತಿಳಿನೀರನ್ನು ಮೊಳಕೆಯ ಜೊತೆ ಮುಚ್ಚಿಟ್ಟಾಗ ಅದು ಹಾಲಿನಂತೆ ಬೆಳ್ಳಗಾಯಿತು, ಇಂಗಾಲದ ಡೈಆಕ್ಸೈಡ್ ಸೇರಿದರೆ ಹಾಗಾಗುತ್ತದಂತೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ನಾಲ್ಕನೆಯ ದಿನ ನೋಡಿದರೆ ಬೆಂದ ಕಾಳಿನ ಫ್ಲಾಸ್ಕೂ 30 ಡಿಗ್ರಿ ತೋರಿಸುತ್ತಿದೆ. ಬೇಯಿಸಿ ಸಾಯಿಸಿದ ಕಾಳು ಮತ್ತೆ ಹೇಗೆ ಬಿಸಿಯಾಯಿತು ಎಂದು ಅವಳಿಗೆ ಬೇಸರವಾಗಿದೆ, ಪ್ರಯೋಗ ಕೆಟ್ಟಿತೆಂದು ಕುಳಿತಿದ್ದಾಳೆ.

ದಾವಣಗೆರೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ:

ಪ್ರಯೋಗ ಕೆಟ್ಟಿಲ್ಲವೆಂದು ಅವಳಿಗೆ ಹೇಳಿ. ಆ ಫ್ಲಾಸ್ಕಿನ ಹತ್ತಿ ತೆಗೆದು ಮೂಸಿ ನೋಡಲಿ.

ಜಗಳೂರು ಸೀಮೆಯ ರೈತ:

ಮೂಸಿ ನೋಡಿದಳು ಮೇಡಂ. "ಅಪ್ಪಾಜಿ, ಇದು ನಮ್ಮ ರಾಶಿಯದೇ ವಾಸನೆ" ಎಂದಳು. ಈಗ ಫ್ಲಾಸ್ಕು, ಹತ್ತಿ, ಕಾಳು ಎಲ್ಲವನ್ನೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಮತ್ತೆ ಮೊದಲಿನಿಂದ ಹೂಡುತ್ತಿದ್ದಾಳೆ.